ಕಾರ್ಕ್‌ನ ಹಾಡಿಗೆ ಲಂಡನ್ನಿನ ತಕ್ಕಡಿ

ಮಾನ್ಯರೆ,

ಧಾರವಾಡದಿಂದ ನೀವು ಬರೆದ ದೀರ್ಘ ಪತ್ರ ತಲುಪಿದೆ. ಕಳೆದ ಸಂಚಿಕೆಯಲ್ಲಿ ಐರ್ಲೆಂಡಿನ ಜನಪ್ರಿಯ ಸಂಗೀತದ ಬಗ್ಗೆ ನಾನು ಬರೆದಿದ್ದ ಟಿಪ್ಪಣಿಯ ಕುರಿತು ನಿಮ್ಮ ಆಕ್ಷೇಪಗಳು ಎರಡು. ಯು2, ಕ್ರ್ಯಾನ್‌ಬೆರೀಸ್, ಎನ್ಯಾ, ವ್ಯಾನ್ ಮಾರಿಸನ್ ಮೊದಲಾದವರನ್ನು ಒಂದೇ ಪ್ಯಾರಾದಲ್ಲಿ ಮುಗಿಸಿ, ಇಲ್ಲಿ ಯಾರೂ ಕೇಳರಿಯದ ಬ್ಯಾಂಡುಗಳಿಗೆ ಉಳಿದ ಜಾಗವನ್ನೆಲ್ಲ ಕೊಟ್ಟದ್ದು ಸರಿಯಲ್ಲ ಎನ್ನುವುದು ಒಂದು. ಹಾಡಿನಲ್ಲಿ ಸತ್ವವಿದ್ದರೆ ಅದು ತಾನಾಗಿಯೇ ಜನರನ್ನು ಮುಟ್ಟುತ್ತದೆ, ಮುಟ್ಟಲಿಲ್ಲವೆಂದರೆ ಕಾಲವೇ ತೀರ್ಪು ಕೊಟ್ಟಿದೆ ಎಂದು ತಿಳಿಯಬೇಕು ಎಂದು ನೀವು ಬರೆದಿದ್ದೀರಿ. ಎರಡನೆಯದು, ಪಿಟೀಲು, ಕೊಳಲು, ಹಾರ್ಪ್‌ಗಳ ಜಾನಪದ ಸಂಗೀತವೇ ಆ ನಾಡಿನ ನಿಜವಾದ ಸೊತ್ತು, ಎಲೆಕ್ಟ್ರಿಕ್ ಗಿಟಾರ್ ಹಿಡಿದವರೆಲ್ಲ ಇಂಗ್ಲೆಂಡ್ ಮತ್ತು ಅಮೆರಿಕಗಳನ್ನು ಅನುಕರಿಸಿದವರು ಎಂಬ ಮಾತು. ಕೊನೆಯಲ್ಲಿ, ನಿಮ್ಮ ಮಗಳು ಕೆಲಸದ ಮೇಲೆ ಡಬ್ಲಿನ್ನಿನಲ್ಲಿರುವುದರಿಂದ, ಇಷ್ಟೆಲ್ಲ ಹೇಳಿದ ಮೇಲೂ ಯಾವುದನ್ನು ಮೊದಲು ಕೇಳಬೇಕೆಂದು ತಿಳಿಸಿ ಎಂದು ಕೇಳಿದ್ದೀರಿ. ಆ ಕೊನೆಯ ಸಾಲೇ ಈ ಉತ್ತರವನ್ನು ಇಷ್ಟು ಉದ್ದ ಬರೆಯುವ ಧೈರ್ಯ ಕೊಟ್ಟಿತು.

ಕಾಲದ ತೀರ್ಪು ಎಂದಿರಿ. ಐರ್ಲೆಂಡಿನ ಹಾಡಿನ ವಿಷಯದಲ್ಲಿ ಆ ನ್ಯಾಯಾಧೀಶರು ಎಲ್ಲಿ ಕುಳಿತಿದ್ದರು ಎಂಬುದನ್ನು ಮೊದಲು ನೋಡಬೇಕು. 1981ರಲ್ಲಿ ಐರ್ಲೆಂಡ್ ಗಣರಾಜ್ಯದ ಒಟ್ಟು ಜನಸಂಖ್ಯೆ ಸುಮಾರು 34 ಲಕ್ಷ. ಅಷ್ಟು ಸಣ್ಣ ಮಾರುಕಟ್ಟೆಯಲ್ಲಿ ಸ್ವಂತ ಹಾಡು ಬರೆದು ನುಡಿಸುವ ನಾಲ್ವರ ಬ್ಯಾಂಡೊಂದು ಹೊಟ್ಟೆ ಹೊರೆದುಕೊಳ್ಳುವುದು ಕಷ್ಟ. ದೊಡ್ಡ ಧ್ವನಿಮುದ್ರಣ ಕಂಪನಿಗಳಿದ್ದದ್ದು ಲಂಡನ್ನಿನಲ್ಲಿ, ಸಂಗೀತದ ವಾರಪತ್ರಿಕೆಗಳು ಅಚ್ಚಾಗುತ್ತಿದ್ದದ್ದು ಅಲ್ಲಿ, ರಾತ್ರಿ ಹೊತ್ತು ಹೊಸಬರ ಹಾಡು ಹಾಕುತ್ತಿದ್ದ ಬಿಬಿಸಿಯ ಜಾನ್ ಪೀಲ್ ಇದ್ದದ್ದೂ ಅಲ್ಲೇ. ಡಬ್ಲಿನ್ನಿನಲ್ಲಿ ಹಾಟ್ ಪ್ರೆಸ್ ಪತ್ರಿಕೆ ಹುಟ್ಟಿದ್ದು 1977ರಲ್ಲಿ; ಯುವಜನರಿಗೆಂದೇ ಆಕಾಶವಾಣಿಯ ಎರಡನೆಯ ವಾಹಿನಿ ಆರಂಭವಾದದ್ದು 1979ರ ಮೇ 31ರಂದು. ಅದಕ್ಕೆ ಮೊದಲು ಹಾಡಿದವರಿಗೆ ಸ್ವಂತ ನಾಡಿನ ರೇಡಿಯೋದಲ್ಲೇ ಸರಿಯಾದ ನೆಲೆ ಇರಲಿಲ್ಲ. ಹಾಗಾಗಿ ಕಾರ್ಕ್, ಡೆರಿ, ಡಬ್ಲಿನ್, ಆ ನಾಡಿನ ಯಾವ ಊರಿನ ಹಾಡಾದರೂ ಲಂಡನ್ನಿನ ತಕ್ಕಡಿಯಲ್ಲೇ ತೂಗಬೇಕಾಗಿತ್ತು. ಆ ತೂಕದಲ್ಲಿ ಕಡಿಮೆ ಬಿದ್ದದ್ದನ್ನೆಲ್ಲ ಸತ್ವಹೀನವೆಂದು ಒಪ್ಪಲು ನನ್ನ ಮನಸ್ಸು ಎಂದೂ ಸಿದ್ಧವಾಗಿಲ್ಲ.

ಒಂದೇ ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡಬ್ಲಿನ್ನಿನ ರೇಡಿಯೇಟರ್ಸ್ ಫ್ರಮ್ ಸ್ಪೇಸ್ ಎಂಬ ಬ್ಯಾಂಡು 1977ರಲ್ಲಿ ತನ್ನ ಮೊದಲ ಸಿಂಗಲ್ (ಬಿಡಿ ಹಾಡಿನ ರೆಕಾರ್ಡ್) ಹೊರತಂದಾಗ ಅದು ಪಂಕ್ ಅಲೆಯ ರಭಸದ ಹಾಡು. ಎರಡು ವರ್ಷಗಳ ನಂತರ ಬಂದ ಅವರ ‘ಘೋಸ್ಟ್‌ಟೌನ್’ ಆಲ್ಬಮ್ ಬೇರೆಯೇ ಎತ್ತರದ್ದು. ಡೇವಿಡ್ ಬೋವಿಯ ಹಲವು ಆಲ್ಬಮ್‌ಗಳನ್ನು ರೂಪಿಸಿದ್ದ ಟೋನಿ ವಿಸ್ಕಾಂಟಿ ಅದರ ನಿರ್ಮಾಪಕ. ಸತ್ತವರ ನೆನಪನ್ನೇ ಹೊದ್ದು ಕುಳಿತ ಡಬ್ಲಿನ್ ನಗರವೇ ಅದರ ವಸ್ತು. ಜೇಮ್ಸ್ ಜಾಯ್ಸ್ ತನ್ನ ಕಾದಂಬರಿಯಲ್ಲಿ ತಂದ ವೇಶ್ಯಾವಾಟಿಕೆಯ ಕಿಟ್ಟಿ ರಿಕೆಟ್ಸ್ ಎಂಬ ಹೆಣ್ಣು ಅಲ್ಲಿ ಹಾಡಾಗಿ ಮತ್ತೆ ಬರುತ್ತಾಳೆ. ಸ್ಮಶಾನ, ಭಕ್ತಿ, ದೇಶಾಭಿಮಾನ ಮೂರೂ ಒಂದೇ ಉಸಿರಿನಲ್ಲಿ ಬರುವ ‘ಸಾಂಗ್ ಆಫ್ ದ ಫೇತ್‌ಫುಲ್ ಡಿಪಾರ್ಟೆಡ್’ ಅದರ ಹೃದಯ. ಧ್ವನಿಮುದ್ರಣ ಮುಗಿದ ಮೇಲೂ ಬಿಡುಗಡೆ ತಡವಾಯಿತು, ಅಷ್ಟರಲ್ಲಿ ಲಂಡನ್ನಿನ ಗಮನ ಬೇರೆಡೆ ಹರಿದಿತ್ತು, ಆಲ್ಬಮ್ ಮಾರಾಟವಾಗಲಿಲ್ಲ. ಆ ಹಾಡುಗಳ ಹಿಂದಿದ್ದ ಫಿಲಿಪ್ ಶೆವ್ರಾನ್ ಮುಂದೆ ಲಂಡನ್ನಿನಲ್ಲಿ ಹುಟ್ಟಿದ ಪೋಗ್ಸ್ ಬ್ಯಾಂಡಿಗೆ ಗಿಟಾರ್ ವಾದಕರಾಗಿ ಸೇರಿದರು. 1988ರ ಪೋಗ್ಸ್ ಆಲ್ಬಮ್ಮಿಗೆ ಶೆವ್ರಾನ್ ಬರೆದ ‘ಥೌಸಂಡ್ಸ್ ಆರ್ ಸೇಲಿಂಗ್’, ಅಮೆರಿಕಕ್ಕೆ ವಲಸೆ ಹೋದ ಐರಿಷ್ ಜನರ ಹಾಡು, ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಐರಿಷ್ ಜನ ಸೇರಿದರೂ ಕೇಳಿಸುತ್ತದೆ. ಬರೆದ ಕೈ ಅದೇ, ಎದೆಯೊಳಗಿನ ಊರೂ ಅದೇ. ಒಂದು ಹಾಡಿಗೆ ಸಾವಿರಾರು ಕೊರಳು ಕೂಡಿದವು, ಇನ್ನೊಂದು ಆಲ್ಬಮ್ ವರ್ಷಗಟ್ಟಲೆ ಅಂಗಡಿಯಲ್ಲೂ ಸಿಗದಂತಾಯಿತು. ಈ ವ್ಯತ್ಯಾಸವನ್ನು ಸತ್ವದ ಲೆಕ್ಕದಲ್ಲಿ ವಿವರಿಸುವುದು ಹೇಗೆ? ಕ್ರಿಸ್ಟಿ ಮೂರ್ ಹಾಡುತ್ತಿದ್ದ ಮೂವಿಂಗ್ ಹಾರ್ಟ್ಸ್ ತಂಡ 1981ರಲ್ಲಿ ತನ್ನ ಮೊದಲ ಆಲ್ಬಮ್ಮಿಗೆ ಆ ‘ಫೇತ್‌ಫುಲ್ ಡಿಪಾರ್ಟೆಡ್’ ಹಾಡನ್ನೇ ಆರಿಸಿಕೊಂಡಿತು. ಸಂಗೀತಗಾರರ ನಡುವೆ ಅದರ ಬೆಲೆ ಯಾರಿಗೂ ತಿಳಿಯದೆ ಇರಲಿಲ್ಲ.

ಅನುಕರಣೆಯ ಮಾತಿಗೆ ಬರುತ್ತೇನೆ. ಐವತ್ತರ ದಶಕದ ಕೊನೆಯಿಂದ ಎಪ್ಪತ್ತರ ದಶಕದವರೆಗೆ ಆ ದೇಶವನ್ನು ಆಳಿದ ಶೋಬ್ಯಾಂಡುಗಳ ಬಗ್ಗೆ ನಿಮ್ಮ ಮಾತು ಬಹುಮಟ್ಟಿಗೆ ನಿಜ. ಒಂದೇ ಬಗೆಯ ಸೂಟು ತೊಟ್ಟ ಏಳೆಂಟು ಮಂದಿ, ಟ್ರಂಪೆಟ್ಟು ಸ್ಯಾಕ್ಸಫೋನುಗಳ ಸಮೇತ ವ್ಯಾನು ಹತ್ತಿ ಊರೂರು ತಿರುಗಿ, ಆ ವಾರದ ಇಂಗ್ಲಿಷ್ ಮತ್ತು ಅಮೆರಿಕನ್ ಹಿಟ್ ಹಾಡುಗಳನ್ನು ತಡರಾತ್ರಿಯವರೆಗೆ ನುಡಿಸುತ್ತಿದ್ದರು. ಹಳ್ಳಿಯಂಚಿನ ಆ ನೃತ್ಯಶಾಲೆಗಳಲ್ಲಿ ಬಹುತೇಕ ಮದ್ಯ ಸಿಗುತ್ತಿರಲಿಲ್ಲ. ಚಹಾ, ಸೋಡಾ, ನೃತ್ಯ, ಇಷ್ಟೇ. ಅಂಥ ನೃತ್ಯಶಾಲೆಗಳ ಸರಣಿಯನ್ನೇ ನಡೆಸುತ್ತಿದ್ದ ಆಲ್ಬರ್ಟ್ ರೆನಾಲ್ಡ್ಸ್ ಮುಂದೆ 1992ರಲ್ಲಿ ದೇಶದ ಪ್ರಧಾನಿಯಾದರು ಎಂದರೆ ಆ ವ್ಯವಹಾರದ ಗಾತ್ರವನ್ನು ಊಹಿಸಬಹುದು. ವಾಟರ್‌ಫರ್ಡಿನ ರಾಯಲ್ ಶೋಬ್ಯಾಂಡ್ 1962ರಲ್ಲಿ ಲಿವರ್‌ಪೂಲಿನಲ್ಲಿ ಮುಖ್ಯ ಕಾರ್ಯಕ್ರಮ ಕೊಟ್ಟಾಗ ಅವರಿಗಿಂತ ಮೊದಲು ವೇದಿಕೆ ಹತ್ತಿದ ಸ್ಥಳೀಯ ಹುಡುಗರ ಹೆಸರು ಬೀಟಲ್ಸ್. ಕೆಲವೇ ತಿಂಗಳಲ್ಲಿ ಆ ಹುಡುಗರು ಎಲ್ಲಿಗೆ ಹೋದರೆಂಬುದು ಗೊತ್ತೇ ಇದೆ. ರಾಯಲ್ ತಂಡದ ಗಾಯಕ ಬ್ರೆಂಡನ್ ಬೋಯರ್ ದೊರೆಯಾಗಿ ಮೆರೆದದ್ದು ಮುಖ್ಯವಾಗಿ ತಮ್ಮ ದೇಶದಲ್ಲಿ.

ಆದರೂ ಶೋಬ್ಯಾಂಡುಗಳನ್ನು ತಳ್ಳಿಹಾಕುವವರ ಜತೆ ನಾನು ನಿಲ್ಲಲಾರೆ. ಕಾರ್ಕ್‌ನಲ್ಲಿ ಬೆಳೆದ ರೋರಿ ಗ್ಯಾಲಹರ್ ಹದಿಹರೆಯದಲ್ಲಿ ಫಾಂಟಾನಾ ಶೋಬ್ಯಾಂಡಿನಲ್ಲಿ ಗಿಟಾರ್ ನುಡಿಸಿದರು, ಬೆಲ್‌ಫಾಸ್ಟಿನ ವ್ಯಾನ್ ಮಾರಿಸನ್ ಮೊನಾರ್ಕ್ಸ್ ಶೋಬ್ಯಾಂಡಿನಲ್ಲಿ ಸ್ಯಾಕ್ಸಫೋನ್ ಊದಿದರು. ನೀವು ಮೆಚ್ಚುವ ದೊಡ್ಡ ಹೆಸರುಗಳ ಸಾಧನೆಯ ಬೆವರು ಹರಿದದ್ದು ಅಲ್ಲಿಯೇ. ಇನ್ನೂ ಒಂದು ಕಾರಣವಿದೆ. 1975ರ ಜುಲೈ 31ರ ನಸುಕಿನಲ್ಲಿ, ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿನ ಬ್ಯಾನ್‌ಬ್ರಿಜ್ ಪಟ್ಟಣದಲ್ಲಿ ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಮರಳುತ್ತಿದ್ದ ಮಯಾಮಿ ಶೋಬ್ಯಾಂಡಿನ ಮಿನಿಬಸ್ಸನ್ನು, ಸೈನಿಕರ ಸಮವಸ್ತ್ರ ತೊಟ್ಟು ಸುಳ್ಳು ತಪಾಸಣಾ ಠಾಣೆ ಹಾಕಿ ನಿಂತಿದ್ದ ಯುವಿಎಫ್ ಎಂಬ ಬ್ರಿಟನ್ ಪರ ಪ್ರೊಟೆಸ್ಟೆಂಟ್ ಸಶಸ್ತ್ರ ಗುಂಪಿನ ಉಗ್ರರು ತಡೆದರು. ಬಸ್ಸಿನಲ್ಲಿ ಇಡುತ್ತಿದ್ದ ಬಾಂಬು ಮುಂಚೆಯೇ ಸಿಡಿದು ಇಟ್ಟವರಿಬ್ಬರು ಸತ್ತರು. ಉಳಿದವರು ಗುಂಡು ಹಾರಿಸಿ ಗಾಯಕ ಫ್ರಾನ್ ಓ’ಟೂಲ್, ಟೋನಿ ಗೆರಾಟಿ, ಬ್ರಯನ್ ಮೆಕಾಯ್ ಅವರನ್ನು ಕೊಂದರು. ಆ ತಂಡದಲ್ಲಿ ಕ್ಯಾಥೊಲಿಕರೂ ಇದ್ದರು, ಪ್ರೊಟೆಸ್ಟೆಂಟರೂ ಇದ್ದರು; ಉತ್ತರದವರೂ ಇದ್ದರು, ದಕ್ಷಿಣದವರೂ ಇದ್ದರು. ಅದರ ನಂತರ ಗಡಿ ದಾಟಿ ಉತ್ತರಕ್ಕೆ ಹೋಗಿ ನುಡಿಸಲು ಬಹುತೇಕ ತಂಡಗಳು ಹಿಂಜರಿದವು. ಸಂತೆಯ ದಿನಕ್ಕೆ, ಶನಿವಾರದ ರಾತ್ರಿಗೆ ಬೇಕಾದ ಹಗುರ ಹಾಡು ನುಡಿಸುತ್ತಿದ್ದವರು, ಎರಡು ಕಡೆಯ ಯುವಕ ಯುವತಿಯರನ್ನು ಒಂದೇ ನೆಲದ ಮೇಲೆ ಕುಣಿಸುತ್ತಿದ್ದ ಕೆಲವೇ ಜನರಲ್ಲಿ ಸೇರಿದ್ದರು. ಅದು ಸಣ್ಣ ಕೆಲಸವಾಗಿರಲಿಲ್ಲ.

ಅನುಕರಣೆಯ ಆರೋಪಕ್ಕೆ ಸರಿಯಾದ ಉತ್ತರ ಕೊಟ್ಟವರು ಹಾರ್ಸ್‌ಲಿಪ್ಸ್. 1970ರಲ್ಲಿ ಡಬ್ಲಿನ್ನಿನಲ್ಲಿ ಕೂಡಿದ ಈ ಐವರ ತಂಡಕ್ಕೆ ಜಾಹೀರಾತು ಲೋಕದ ನಂಟಿತ್ತು. ಲಂಡನ್ನಿಗೆ ಹೋಗಿ ಕಂಪನಿಗಳ ಬಾಗಿಲು ಕಾಯುವ ಬದಲು ಓಟ್ಸ್ ಎಂಬ ಸ್ವಂತ ಲೇಬಲ್ (ರೆಕಾರ್ಡ್ ಹೊರತರುವ ಸಂಸ್ಥೆ) ಹುಟ್ಟುಹಾಕಿದರು. ರೋಲಿಂಗ್ ಸ್ಟೋನ್ಸ್‌ನವರ ಸಂಚಾರಿ ಧ್ವನಿಮುದ್ರಣ ಘಟಕವನ್ನು ಟಿಪೆರರಿಯ ಹಳ್ಳಿಮನೆಯೊಂದಕ್ಕೆ ತರಿಸಿಕೊಂಡು 1972ರಲ್ಲಿ ಮೊದಲ ಆಲ್ಬಮ್ ಮಾಡಿದರು. ಮರುವರ್ಷದ ‘ದ ಟಾಯಿನ್’ ಅವರ ಶ್ರೇಷ್ಠ ಕೃತಿ ಎಂದು ನನ್ನ ಅಭಿಪ್ರಾಯ. ನಮ್ಮ ವಿರಾಟಪರ್ವದ ಗೋಗ್ರಹಣದಂತೆಯೇ ದನಗಳನ್ನು ಹೊಡೆದೊಯ್ಯಲು ನಡೆದ ಯುದ್ಧದ ಪ್ರಾಚೀನ ಐರಿಷ್ ಕಥೆ ಅದರ ಆಧಾರ. ಅದರಲ್ಲಿನ ‘ಡ್ಯಾರಗ್ ಡೂಮ್’ ಹಾಡನ್ನು ಹಾಕಿದ ಕೂಡಲೇ ಕೇಳಿಸುವ ಗಿಟಾರಿನ ಅಬ್ಬರದ ಪಲುಕು ಹೊಸದಾಗಿ ಕಟ್ಟಿದ್ದಲ್ಲ. ಓ’ನೀಲ್ ಮನೆತನದ ಹಳೆಯ ರಣಗೀತೆಯೊಂದರ ಧಾಟಿ. ಜಾನಿ ಫೀನ್ ಅದನ್ನು ಎಲೆಕ್ಟ್ರಿಕ್ ಗಿಟಾರಿಗೆ ಇಳಿಸಿದರು. ಅಲ್ಲಿ ಜಾನಪದಕ್ಕೆ ಡ್ರಮ್ಸ್ ಸೇರಿಸಿ ಅಲಂಕರಿಸಿದ ಕೃತಕತೆ ಇಲ್ಲ. ಹಳೆಯ ರಾಗದೊಳಗೇ ಇದ್ದ ರೋಷವನ್ನು ಹೊರಗೆ ತಂದ ಗುಣವಿದೆ. 1990ರ ವಿಶ್ವಕಪ್ಪಿಗೆ ಹೊರಟ ಐರ್ಲೆಂಡಿನ ಫುಟ್‌ಬಾಲ್ ತಂಡದ ಹಾಡಿಗೆ ಆ ಧಾಟಿಯನ್ನೇ ಬಳಸಿದಾಗ ಇಡೀ ದೇಶ ಅದಕ್ಕೆ ಕುಣಿಯಿತು. ಆ ಹೊತ್ತಿಗೆ ಹಾರ್ಸ್‌ಲಿಪ್ಸ್ ಚದುರಿ ಹತ್ತು ವರ್ಷ ಕಳೆದಿತ್ತು. ನಿಮ್ಮ ಎರಡನೆಯ ಆಕ್ಷೇಪದಲ್ಲಿ ಜಾನಪದ ಒಂದು ಕಡೆ, ಗಿಟಾರ್ ಇನ್ನೊಂದು ಕಡೆ ನಿಂತಿವೆ. ಆ ಗೋಡೆಯನ್ನು ಇವರು 1973ರಲ್ಲೇ ಕೆಡವಿದ್ದರು.

ಅದೃಷ್ಟದ ಪಾತ್ರ ಎಷ್ಟು ದೊಡ್ಡದೆಂಬುದಕ್ಕೆ ಉತ್ತರ ಐರ್ಲೆಂಡಿನ ಕಥೆ ಸಾಕು. ಬಾಂಬು ಸ್ಫೋಟಗಳಿಂದ ಸಂಜೆಯಾದೊಡನೆ ನಿರ್ಜನವಾಗುತ್ತಿದ್ದ ಬೆಲ್‌ಫಾಸ್ಟ್ ನಗರದಲ್ಲಿ ಟೆರಿ ಹೂಲಿ ಗುಡ್ ವೈಬ್ರೇಷನ್ಸ್ ಎಂಬ ರೆಕಾರ್ಡ್ ಅಂಗಡಿ ತೆರೆದು, 1978ರಲ್ಲಿ ಅದೇ ಹೆಸರಿನ ಲೇಬಲ್ ಆರಂಭಿಸಿದರು. ಅದರ ಮೊದಲ ಸಿಂಗಲ್ ಪೂರ್ವ ಬೆಲ್‌ಫಾಸ್ಟಿನ ರೂಡಿ ಬ್ಯಾಂಡಿನ ‘ಬಿಗ್ ಟೈಮ್’. ಅದೇ ವರ್ಷ ಅದೇ ಲೇಬಲ್ಲಿನಿಂದ ಡೆರಿಯ ಅಂಡರ್‌ಟೋನ್ಸ್ ತಂಡದ ‘ಟೀನೇಜ್ ಕಿಕ್ಸ್’ ಬಂತು. ಜಾನ್ ಪೀಲ್ ಅದನ್ನು ಒಂದರ ಹಿಂದೊಂದರಂತೆ ಎರಡು ಸಲ ಪ್ರಸಾರ ಮಾಡಿದರು, ಅಮೆರಿಕದ ಸೈರ್ ಕಂಪನಿ ಆ ಹುಡುಗರನ್ನು ಸೇರಿಸಿಕೊಂಡಿತು, ಪೀಲ್ ತೀರಿಕೊಂಡ ಮೇಲೆ ಆ ಹಾಡಿನ ಸಾಲು ಅವರ ಸಮಾಧಿಯ ಕಲ್ಲಿನ ಮೇಲೂ ಸೇರಿತು. ‘ಟೀನೇಜ್ ಕಿಕ್ಸ್’ ಅದ್ಭುತವಾದ ಹಾಡು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ‘ಬಿಗ್ ಟೈಮ್’ ಕೇಳಿ ನೋಡಿ. ಅದರ ಗಿಟಾರಿನಲ್ಲಿ, ಕೂಡಿ ಹಾಡುವ ಪಲ್ಲವಿಯಲ್ಲಿ ಅಷ್ಟೇ ಹುರುಪಿದೆ. ರೂಡಿ ತಂಡದವರು ಲಂಡನ್ನಿಗೂ ಹೋಗಿ ಬಂದರು, ಕೆಲವು ಒಳ್ಳೆಯ ಸಿಂಗಲ್‌ಗಳನ್ನು ಮಾಡಿದರು, ಒಂದು ಪೂರ್ಣ ಆಲ್ಬಮ್ ತರುವ ಅವಕಾಶವಿಲ್ಲದೆ 1982ರಲ್ಲಿ ಚದುರಿದರು.

ನನ್ನ ಮಟ್ಟಿಗೆ ಈ ಇಡೀ ವಿಷಯದ ಕೇಂದ್ರ ಕಾರ್ಕ್. ಎಪ್ಪತ್ತರ ಕೊನೆಯಲ್ಲಿ ಅಲ್ಲಿನ ರೈಲು ನಿಲ್ದಾಣದ ಬಳಿಯ ಆರ್ಕೇಡಿಯಾ ಎಂಬ ಹಳೆಯ ನೃತ್ಯಶಾಲೆಯಲ್ಲಿ ಎಲ್ವೆರಾ ಬಟ್ಲರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಕಾರ್ಯಕ್ರಮ ಏರ್ಪಡಿಸುತ್ತಿದ್ದರು. ಶೋಬ್ಯಾಂಡುಗಳ ಕಾಲದ ಆ ನೆಲದ ಮೇಲೆ ಯು2 ಮತ್ತೆ ಮತ್ತೆ ನುಡಿಸಿತು. ಮುಂದೆ ದಶಕಗಳ ಕಾಲ ಅವರ ಧ್ವನಿ ವ್ಯವಸ್ಥೆ ನೋಡಿಕೊಂಡ ಜೋ ಓ’ಹರ್ಲಿಹಿ ಅದೇ ಊರಿನವರು. ಆ ಸುತ್ತಿನಲ್ಲೇ ಬೆಳೆದ ಕಾಥಲ್ ಕಾಕ್ಲನ್ ಮತ್ತು ಶಾನ್ ಓ’ಹೇಗನ್ 1980ರಲ್ಲಿ ಮೈಕ್ರೊಡಿಸ್ನಿ ಎಂಬ ತಂಡ ಕಟ್ಟಿದರು, ಮೂರು ವರ್ಷಗಳಲ್ಲಿ ಲಂಡನ್ನಿಗೆ ಹೋದರು, 1985ರಲ್ಲಿ ರಫ್ ಟ್ರೇಡ್ ಲೇಬಲ್ಲಿಗೆ ‘ದ ಕ್ಲಾಕ್ ಕಮ್ಸ್ ಡೌನ್ ದ ಸ್ಟೇರ್ಸ್’ ಆಲ್ಬಮ್ ಮಾಡಿದರು.

ಸ್ನೇಹಿತರೊಬ್ಬರು ಪ್ರತಿ ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ ನಾನು ಅದನ್ನು ಮೊದಲು ಕೇಳಿದೆ. ‘ಬರ್ತ್‌ಡೇ ಗರ್ಲ್’ ಹಾಡಿನ ಆರಂಭದಲ್ಲಿ ಓ’ಹೇಗನ್ನರ ಗಿಟಾರ್ ಮತ್ತು ಕೀಬೋರ್ಡುಗಳು ಕ್ಯಾಲಿಫೋರ್ನಿಯಾದ ಬಿಸಿಲಿನ ಪಾಪ್ ಸಂಗೀತದಷ್ಟೇ ಹಿತವಾಗಿ ಬಿಚ್ಚಿಕೊಳ್ಳುತ್ತವೆ. ಮೊದಲ ಸಲಕ್ಕೆ ಇದು ಪ್ರೇಮಗೀತೆ ಎಂದೇ ಅನಿಸುತ್ತದೆ. ಮೂರನೆಯ ಸಲಕ್ಕೆ ಕಾಕ್ಲನ್ನರ ಆಳವಾದ ದನಿ ಏನು ಹೇಳುತ್ತಿದೆ ಎಂಬುದು ನಿಧಾನವಾಗಿ ಅರಿವಿಗೆ ಬಂದು ಮೈ ಜುಮ್ಮೆನ್ನುತ್ತದೆ. ಬೇರು ಕಿತ್ತು ಬಂದ ಮನುಷ್ಯನ ಅವಮಾನ, ಬಾಡಿಗೆ ಕೋಣೆಯ ಒಂಟಿತನ, ತನ್ನ ಊರಿನ ಕಪಟ ಭಕ್ತಿಯ ಮೇಲೂ ಬಂದ ಊರಿನ ದರ್ಪದ ಮೇಲೂ ಇರುವ ಸಿಟ್ಟು, ಎಲ್ಲವೂ ಆ ಮಧುರವಾದ ಸ್ವರಗಳ ಕೆಳಗೆ ಕುದಿಯುತ್ತಿದೆ. ಎಂಬತ್ತರ ದಶಕದ ನಡುವೆ ಐರ್ಲೆಂಡಿನಲ್ಲಿ ನಿರುದ್ಯೋಗ ಶೇಕಡ 17ರ ಹತ್ತಿರ ಬಂದಿತ್ತು; ಓದಿದ ಮಕ್ಕಳು ಹಡಗು ಹತ್ತಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಆ ಪೀಳಿಗೆಯ ಮನಸ್ಸಿನೊಳಗೆ ಏನು ನಡೆದಿತ್ತೆಂದು ತಿಳಿಯಲು ನನಗೆ ಇದಕ್ಕಿಂತ ನಂಬಿಕೆಯ ದಾಖಲೆ ಸಿಕ್ಕಿಲ್ಲ. ಮುಂದೆ ವರ್ಜಿನ್ ಕಂಪನಿಯಲ್ಲಿ ಎರಡು ಆಲ್ಬಮ್ ಮಾಡಿದರು, ‘ಟೌನ್ ಟು ಟೌನ್’ ಹಾಡು ಬ್ರಿಟನ್ನಿನ ಮಾರಾಟದ ಪಟ್ಟಿಯ ಮೊದಲ ನಲವತ್ತರೊಳಗೆ ಬರಲಿಲ್ಲ, 1988ರಲ್ಲಿ ತಂಡ ಮುರಿಯಿತು. ಕೊಳ್ಳುವವರಿಗೆ ಐರ್ಲೆಂಡಿನಿಂದ ಬೇಕಾಗಿದ್ದದ್ದು ಒಂದೋ ಮಂಜು ಮುಸುಕಿದ ಬೆಟ್ಟದ ಹಾಡು, ಇಲ್ಲವೇ ಕ್ರೀಡಾಂಗಣ ತುಂಬುವ ಘೋಷ; ಕಾರ್ಕ್‌ನ ಕಹಿಯನ್ನು ಇಷ್ಟು ನಯವಾಗಿ ಹಾಡಿದವರನ್ನು ಯಾವ ಕಪಾಟಿನಲ್ಲಿಡಬೇಕೆಂದು ಅಂಗಡಿಯವರಿಗೆ ತೋಚಲಿಲ್ಲ.

ಮೂವತ್ತು ವರ್ಷಗಳ ಮೇಲೆ, 2018ರಲ್ಲಿ, ಡಬ್ಲಿನ್ನಿನ ರಾಷ್ಟ್ರೀಯ ಸಂಗೀತ ಸಭಾಂಗಣ 1985ರ ಆ ಆಲ್ಬಮ್ಮನ್ನು ಗೌರವಿಸಿ ಅವರನ್ನು ಮತ್ತೆ ಒಂದುಗೂಡಿಸಿತು. ಮರುವರ್ಷ ತಮ್ಮ ಸ್ವಂತ ಊರಿನಲ್ಲೂ ಅವರು ನುಡಿಸಿದರು. 2022ರ ಮೇ ತಿಂಗಳಲ್ಲಿ ಕಾಕ್ಲನ್ ತೀರಿಕೊಂಡರು. ಜೀವವಿದ್ದಾಗಲೇ ಆ ಮನ್ನಣೆ ಅವರಿಗೆ ದೊರೆಯಿತೆಂಬುದು ನನಗೆ ದೊಡ್ಡ ಸಮಾಧಾನ.

ಡಬ್ಲಿನ್ನಿನ ರಿಂಗ್ಸೆಂಡ್ ಎಂಬ ಕಾರ್ಮಿಕರ ಬಡಾವಣೆಯ ಬ್ಲೇಡ್ಸ್ ತಂಡದ ಬಗ್ಗೆ ಹೇಳದಿದ್ದರೆ ಈ ಉತ್ತರ ಅಪೂರ್ಣವಾದೀತು. 1979ರ ಬೇಸಿಗೆಯಲ್ಲಿ ಬ್ಯಾಗಟ್ ಇನ್ ಎಂಬ ಪಬ್ಬಿನಲ್ಲಿ ಅವರೂ ಯು2 ತಂಡದವರೂ ಒಂದೇ ವೇದಿಕೆ ಹಂಚಿಕೊಂಡು ನುಡಿಸುತ್ತಿದ್ದರು. ಪಾಲ್ ಕ್ಲಿಯರಿ ಬರೆದ ಹಾಡುಗಳು ಚಿಕ್ಕವು, ಚುರುಕಾದವು. ಕೆಲಸವಿಲ್ಲದ ಹುಡುಗನ ಸಂಜೆಯನ್ನು ‘ಡೌನ್‌ಮಾರ್ಕೆಟ್’ ಎಂಬ 1983ರ ಹಾಡಿನಲ್ಲಿ ಅವರು ಚಿತ್ರಿಸಿದಷ್ಟು ನಿಖರವಾಗಿ ಆ ಊರಿನ ಬೇರೆ ಯಾರೂ ಚಿತ್ರಿಸಿಲ್ಲ. ಅಮೆರಿಕದ ಕಂಪನಿಯೊಂದರ ಜತೆಗಿನ ಒಪ್ಪಂದ ಮುರಿದುಬಿತ್ತು. ಕೊನೆಗೆ ಅವರ ಆಲ್ಬಮ್ ಹೊರತಂದದ್ದು ರೀಕಸ್ ಎಂಬ ಪುಟ್ಟ ಲೇಬಲ್. ಅದನ್ನು ನಡೆಸುತ್ತಿದ್ದವರು ಆರ್ಕೇಡಿಯಾದ ಅದೇ ಎಲ್ವೆರಾ ಬಟ್ಲರ್. ಬೇರೆಯವರ ಹಾಡಿಗಾಗಿ ಇಷ್ಟು ದುಡಿದ ಆ ಹೆಣ್ಣುಮಗಳ ಹೆಸರು ಯು2 ಅಭಿಮಾನಿಗಳಲ್ಲಿ ಎಷ್ಟು ಜನಕ್ಕೆ ಗೊತ್ತು?

ತೊಂಬತ್ತರ ದಶಕದವರನ್ನು ಬೇಗ ಹೇಳಿ ಮುಗಿಸುತ್ತೇನೆ. ಎ ಹೌಸ್ ತಂಡದ ‘ಎಂಡ್‌ಲೆಸ್ ಆರ್ಟ್’ ಸತ್ತ ಕಲಾವಿದರ ಹೆಸರುಗಳನ್ನು ಪಟ್ಟಿಯಂತೆ ಓದುತ್ತಾ ಹೋಗುವ ಹಾಡು. ಆ ಪಟ್ಟಿಯಲ್ಲಿ ಗಂಡಸರೇ ತುಂಬಿದ್ದರಿಂದ ಹೆಣ್ಣುಮಕ್ಕಳ ಹೆಸರುಗಳಿಂದಲೇ ಇನ್ನೊಂದು ಹಾಡು ಕಟ್ಟಿದರು. ವಿಪಿಂಗ್ ಬಾಯ್ ತಂಡದ 1995ರ ‘ಹಾರ್ಟ್‌ವರ್ಮ್’ ಕೇಳುವುದು ಸುಲಭವಲ್ಲ. ಪ್ರೀತಿಸಿದವಳ ಮೇಲೆ ಕೈ ಮಾಡಿದ್ದನ್ನು ಒಬ್ಬ ಗಂಡಸು ಮೆಲುದನಿಯಲ್ಲಿ, ಯಾವ ಸಮರ್ಥನೆಯೂ ಇಲ್ಲದೆ ಹೇಳಿಕೊಳ್ಳುವ ಹಾಡು ಅದರಲ್ಲಿದೆ. ದೊಡ್ಡ ಕಂಪನಿ ಅವರನ್ನು ಬೇಗನೆ ಕೈಬಿಟ್ಟಿತು. ಇಪ್ಪತ್ತಾರು ವರ್ಷಗಳ ನಂತರ ಅಭಿಮಾನಿಯೊಬ್ಬರ ಪುಟ್ಟ ಲೇಬಲ್ ಅದನ್ನು ಮತ್ತೆ ಅಚ್ಚು ಹಾಕಿತು. ಇವರಿಗಿಂತ ಎರಡು ದಶಕ ಹಿಂದಿನ ಮೆಲೊ ಕ್ಯಾಂಡಲ್ ತಂಡದ್ದೂ ಹೆಚ್ಚುಕಡಿಮೆ ಅದೇ ಕಥೆ. ಡಬ್ಲಿನ್ನಿನ ಕಾನ್ವೆಂಟ್ ಶಾಲೆಯ ಗೆಳತಿಯರಾದ ಕ್ಲೋಡಾ ಸೈಮಂಡ್ಸ್ ಮತ್ತು ಆಲಿಸನ್ ಇಬ್ಬರ ದನಿಗಳು ಒಂದಕ್ಕೊಂದು ಹೆಣೆದುಕೊಂಡ ‘ಸ್ವಾಡ್ಲಿಂಗ್ ಸಾಂಗ್ಸ್’ 1972ರಲ್ಲಿ ಬಂದಾಗ ಕೊಳ್ಳುವವರಿರಲಿಲ್ಲ. ಅದರ ಮೂಲ ಪ್ರತಿಗಾಗಿ ಇವತ್ತು ಸಂಗ್ರಾಹಕರು ಹುಡುಕಾಡುತ್ತಾರೆ.

ಹಾಗೆಂದು ಮೂಲೆಗುಂಪಾದವರೆಲ್ಲ ಮಹಾನ್ ಕಲಾವಿದರೆಂದು ನಾನು ವಾದಿಸುತ್ತಿಲ್ಲ. ಎಂಬತ್ತರ ನಡುವೆ ಇನ್ನೊಂದು ಯು2 ಹುಡುಕುತ್ತಾ ಕಂಪನಿಗಳು ಡಬ್ಲಿನ್ನಿಗೆ ಮುಗಿಬಿದ್ದಾಗ, ಪ್ರತಿಧ್ವನಿಸುವ ಗಿಟಾರು ಮತ್ತು ಮೇಲೆತ್ತಿದ ದನಿಯನ್ನೇ ಬಂಡವಾಳ ಮಾಡಿಕೊಂಡ ಹಲವು ತಂಡಗಳು ಒಂದೋ ಎರಡೋ ಆಲ್ಬಮ್ ಮಾಡಿ ಮರೆಯಾದವು. ಅವುಗಳಲ್ಲಿ ಹೆಚ್ಚಿನವನ್ನು ನಾನು ಮತ್ತೆ ಕೇಳಲಾರೆ. ಅಲ್ಲಿ ನಿಮ್ಮ ಕಾಲದ ತೀರ್ಪು ಸರಿಯಾಗಿಯೇ ಇದೆ. ನನ್ನ ತಕರಾರು ಇಷ್ಟೇ: ತೀರ್ಪನ್ನು ಹಾಡು ಕೇಳಿದ ಮೇಲೆ ಕೊಡೋಣ.

ಈಗ ನಿಮ್ಮ ಕೊನೆಯ ಪ್ರಶ್ನೆ. ಮೊದಲು ಮೈಕ್ರೊಡಿಸ್ನಿಯ 1985ರ ಆಲ್ಬಮ್ಮನ್ನು ಸಾಹಿತ್ಯ ಕೈಯಲ್ಲಿ ಹಿಡಿದೇ ಕೇಳಿ, ಏಕೆಂದರೆ ಅದರ ಸಂಗೀತ ನಿಮ್ಮನ್ನು ಮೈಮರೆಸಿ ಮಾತನ್ನು ತಪ್ಪಿಸಿಬಿಡುತ್ತದೆ. ಆಮೇಲೆ ‘ಘೋಸ್ಟ್‌ಟೌನ್’, ಅದನ್ನು ಬಿಡಿಬಿಡಿಯಾಗಿ ಕೇಳದೆ ಮೊದಲಿನಿಂದ ಕೊನೆಯವರೆಗೆ ಒಂದೇ ಕೂತಿನಲ್ಲಿ ಕೇಳಬೇಕು. ನೀವು ಜಾನಪದ ಪ್ರಿಯರಾದ್ದರಿಂದ ಮೂರನೆಯದಾಗಿ ‘ದ ಟಾಯಿನ್’. ನಿಮ್ಮ ಮಗಳಿಗೆ ಬಿಡುವಿದ್ದ ಭಾನುವಾರ ರಿಂಗ್ಸೆಂಡ್ ಕಡೆಗೆ ನಡೆದುಹೋಗಿ ಬ್ಲೇಡ್ಸ್ ಹಾಡುಗಳನ್ನು ಅಲ್ಲಿಯೇ ಕೇಳಲು ಹೇಳಿ. ಕ್ಲಿಯರಿ ಬರೆದ ಬೀದಿಗಳು ಈಗ ತುಂಬ ಬದಲಾಗಿವೆ, ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಪಕ್ಕದಲ್ಲೇ ಎದ್ದಿವೆ, ಆದರೂ ಆ ಹಾಡುಗಳ ಊರನ್ನು ಗುರುತಿಸುವುದು ಕಷ್ಟವಾಗದು. ಕೇಳಿದ ಮೇಲೆ ನಿಮಗೆ ಇಷ್ಟವಾಗದಿದ್ದರೆ ಏಕೆಂಬುದನ್ನು ಇಷ್ಟೇ ನೇರವಾಗಿ ಬರೆದು ಕಳುಹಿಸಿ. ಪೂರ್ತಿಯಾಗಿ ಪ್ರಕಟಿಸುತ್ತೇವೆ.

ಇಂತಿ,
ಸಂಪಾದಕ